ಬೋರಣ್ಣ ಸುಣ್ಣ ಹೊಡೆದ ಕತೆ

ಗಿಲ್‌ರಾಯ್‌ನಿಂದ ಬೆಳ್ಳುಳ್ಳಿ ಹೊತ್ತು ಬರುವ ಲಾರಿಗಳ ಹಿಂಭಾಗದಲ್ಲಿ ತೀರ ಸಣ್ಣ ಅಕ್ಷರಗಳಲ್ಲಿ ಏನೋ ಬರೆದಿರುತ್ತದೆ. ಅದೇನೆಂದು ತಿಳಿಯುವ ತನಕ ನನಗೆ ಸಮಾಧಾನವಿಲ್ಲ. ಒಂದು ಭಾನುವಾರ ಅಲ್ಲಿನ ಔಟ್‌ಲೆಟ್ ಅಂಗಡಿಗಳಲ್ಲಿ ಮಗಳಿಗೆ ಸ್ವೆಟರು ಕೊಂಡು ವಾಪಸು ಬರುವಾಗ ಅಂಥದೊಂದು ಲಾರಿ ಮುಂದೆ ಸಿಕ್ಕಿತು. ಕಾರು ಓಡಿಸುತ್ತಿದ್ದವಳು ನಾನು. ಸ್ವಲ್ಪ ಹತ್ತಿರ ಹೋದೆ, ಕಾಣಲಿಲ್ಲ. ಇನ್ನೂ ಸ್ವಲ್ಪ ಹತ್ತಿರ ಹೋದೆ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ರಮೇಶ ತನ್ನ ಕಾಲಡಿ ಇಲ್ಲದ ಬ್ರೇಕನ್ನು ಜೋರಾಗಿ ಒತ್ತಿದ. ಅಷ್ಟರಲ್ಲಿ ಅಕ್ಷರ ಕಂಡಿತು: ‘ಈ ಲಾರಿಯಿಂದ ಇನ್ನೂರು ಅಡಿ ದೂರವಿರಿ.’ ಓದಿದ ಸಂತೋಷದಲ್ಲಿ ನಾವು ಇಳಿಯಬೇಕಾದ ಎಕ್ಸಿಟ್ಟು ದಾಟಿಹೋಯಿತು.

“ನಿನಗೆ ಓದು ಕಲಿಸಿದ ಮೇಷ್ಟ್ರನ್ನ ಹಿಡ್ಕೊಂಡು ಕೇಳ್ಬೇಕು ಕಣೇ,” ಎಂದ ರಮೇಶ.

ಅವನ ಸಿಟ್ಟು ನ್ಯಾಯವಾದದ್ದೇ. ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡುವುದು ನನ್ನ ಕೈಲಾಗದ ಕೆಲಸ. ಕಣ್ಣಿಗೆ ನೊರೆ ಹೋಗುತ್ತಿದ್ದರೂ ಶಾಂಪೂ ಬಾಟಲಿಯ ಹಿಂದಿನದನ್ನು ಓದುತ್ತೇನೆ. ಹತ್ತು ವರ್ಷದಿಂದ ಇಡ್ಲಿ ಬೇಯಿಸುತ್ತಿರುವವಳು, ಇಡ್ಲಿ ರವೆಯ ಪ್ಯಾಕೆಟ್ಟಿನ ಮೇಲೆ ಇಡ್ಲಿ ಮಾಡುವುದು ಹೇಗೆಂದು ಪ್ರತಿ ಸಲವೂ ಓದುತ್ತೇನೆ. ಅದು ಇಂಟರ್ನೆಟ್ ಕಂಪನಿಗಳು ದಿನಕ್ಕೊಂದು ಹುಟ್ಟುತ್ತಿದ್ದ ಡಾಟ್ ಕಾಮ್ ಕಾಲ ಬೇರೆ. ರೆಡ್‌ವುಡ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟು ಫ್ರೀವೇ ಹತ್ತಿದರೆ ಎರಡೂ ಕಡೆ ಆಳೆತ್ತರದ ಬೋರ್ಡುಗಳು, ಪ್ರತಿ ಹೆಸರಿನ ಬಾಲಕ್ಕೂ ಒಂದು ಚುಕ್ಕಿ, ಒಂದು ಕಾಮ್. ನಾಯಿಗೆ ಬಿಸ್ಕತ್ತು ಮಾರುವವರು, ಮದುವೆಗೆ ಹೂ ಕಳಿಸುವವರು, ಏನು ಮಾರುತ್ತೇವೆಂದು ತಮಗೇ ಗೊತ್ತಿಲ್ಲದವರು. ಎಲ್ಲವನ್ನೂ ಶ್ರದ್ಧೆಯಿಂದ ಓದುತ್ತಿದ್ದೆ. ಒಂದು ಕಂಪನಿ ಏನು ಮಾಡುತ್ತದೆಂದು ನನಗೆ ಅರ್ಥವಾಗುವ ಹೊತ್ತಿಗೆ ಆ ಬೋರ್ಡು ಇಳಿದು ಇನ್ನೊಂದು ಏರಿರುತ್ತಿತ್ತು. ನಾನು ಕೆಲಸ ಮಾಡುತ್ತಿದ್ದ ಕಂಪನಿಯದೂ ಒಂದು ಬೋರ್ಡಿತ್ತು, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀವು ನಗುತ್ತಿದ್ದೀರಿ ಎಂದು ಗೊತ್ತು. ಆದರೆ ಒಂದು ಕೆಲಸ ಮಾಡಿ. ಈ ಸಾಲಿನ ಅಕ್ಷರಗಳನ್ನು ಓದದೆ ಬರಿದೆ ನೋಡಿ. ಗೋಡೆಯ ಮೇಲಿನ ಬಿರುಕನ್ನೋ ಮೋಡವನ್ನೋ ನೋಡಿದ ಹಾಗೆ. ಆಯಿತೇ? ಆಗಲಿಲ್ಲ ತಾನೆ? ನೋಡುವ ಮೊದಲೇ ಓದಿಯಾಗಿರುತ್ತದೆ. ಹಾಗಿದ್ದಮೇಲೆ ನಾನೊಬ್ಬಳೇ ಅಪರಾಧಿಯಲ್ಲ, ನಿಮಗೆ ಲಾರಿ ಸಿಕ್ಕಿಲ್ಲ ಅಷ್ಟೆ.

ಓದು ಬಂದ ದಿನ ಯಾರಿಗೂ ನೆನಪಿರುವುದಿಲ್ಲವಂತೆ. ನನಗೆ ನೆನಪಿದೆ. ಹಾಸನದಲ್ಲಿ ನಮ್ಮ ಮನೆಯೆದುರು ಒಂದು ಅಂಗಡಿಯಿತ್ತು, ಅದರ ನೆತ್ತಿಯ ಮೇಲೆ ನೀಲಿ ತಗಡಿಗೆ ಬಿಳಿ ಬಣ್ಣದಲ್ಲಿ ಬರೆದ ಬೋರ್ಡು. ಜಗುಲಿಯ ಮೇಲೆ ಕೂತು ಅದನ್ನು ನೋಡುವುದೇ ನನ್ನ ಕೆಲಸ. ಮೊದಲನೆಯದು ಬಾಲ ಸುತ್ತಿಕೊಂಡು ಮಲಗಿದ ಬೆಕ್ಕು. ಎರಡನೆಯದು ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತ ಹೆಂಗಸು, ಪಕ್ಕದ ಬೀದಿಯ ಸೀತಕ್ಕನ ಹಾಗೆ. ಆಮೇಲಿನವೆಲ್ಲ ಜಗಳ ನೋಡಲು ಸೇರಿದ ಜನ. ಅವರಿಗೆಲ್ಲ ನಾನು ದಿನಕ್ಕೊಂದು ಜಗಳ ಕಲ್ಪಿಸಿಕೊಡುತ್ತಿದ್ದೆ. ಒಂದು ಬೆಳಿಗ್ಗೆ ಅಪ್ಪನ ಜೊತೆ ಹಾಲಿಗೆ ಹೊರಟಾಗ ಆ ಬೋರ್ಡು ಇದ್ದಕ್ಕಿದ್ದಂತೆ “ಕ್ಷೌರದ ಅಂಗಡಿ” ಎಂದುಬಿಟ್ಟಿತು. ನಾನೂ ಕಿರುಚಿದೆ. ಅಪ್ಪನಿಗೆ ಎಷ್ಟು ಹಿಗ್ಗಾಯಿತೆಂದರೆ ಅಲ್ಲೇ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಕೊಡಿಸಿದರು. ಮಾರನೆಯ ದಿನ ಜಗುಲಿಯ ಮೇಲೆ ಕೂತು ನೋಡುತ್ತೇನೆ, ಬೆಕ್ಕು ಇಲ್ಲ. ಸೀತಕ್ಕನೂ ಇಲ್ಲ. ಬರೀ ಕ್ಷೌರ. ಅದಕ್ಕಾಗಿ ನಾನೇನೂ ಅಳಲಿಲ್ಲ. ಬಾಯಲ್ಲಿ ಬಿಸ್ಕತ್ತಿನ ರುಚಿ ಇನ್ನೂ ಇತ್ತು.

ಇದನ್ನು ಒಮ್ಮೆ, ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ನಮ್ಮ ಕನ್ನಡದವರ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆ ಬಾತಿನ ಪಾತ್ರೆಯ ಮುಂದೆ ನಿಂತು ಹೇಳಿದೆ. ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಮಿದುಳಿನ ಡಾಕ್ಟರಾಗಿರುವ ಮೈಸೂರಿನವರೊಬ್ಬರು ಪಕ್ಕದಲ್ಲಿದ್ದರು. ಅವರು ಚಮಚ ಕೆಳಗಿಟ್ಟು ಪಾಠ ಶುರು ಮಾಡಿದರು. “ನೋಡಿ ಮೇಡಂ, ಮಿದುಳಲ್ಲಿ ಓದೋದಕ್ಕೆ ಅಂತ ಕಟ್ಟಿಸಿದ ರೂಮಿಲ್ಲ. ಮನುಷ್ಯ ಮಾತಾಡೋಕೆ ಶುರು ಮಾಡಿ ಎಷ್ಟೋ ಕಾಲ ಆದ್ಮೇಲೆ ಓದೋಕೆ ಶುರು ಮಾಡಿದ್ದು. ಹಾಗಾಗಿ ಮುಖ ಗುರುತು ಹಿಡಿಯೋದು, ವಸ್ತು ಗುರುತು ಹಿಡಿಯೋದು ಅಂತ ಬೇರೆ ಕೆಲಸ ನಡೀತಾ ಇದ್ದ ಕಡೆ ಅಕ್ಷರ ಬಂದು ಜಾಗ ಮಾಡ್ಕೊಳ್ಳತ್ತೆ ಅಂತ ನಮ್ಮೋರಲ್ಲಿ ಕೆಲವರು ಹೇಳ್ತಾರೆ.”

“ಅಂದ್ರೆ ನಿಮ್ಮ ಸ್ಯಾನ್ ಫ್ರಾನ್ಸಿಸ್ಕೋ ಥರ,” ಎಂದೆ. “ಇಬ್ಬರಿದ್ದ ರೂಮಲ್ಲಿ ಮೂರನೆಯವನು ಬಂದು ಹಾಸಿಗೆ ಹಾಕೋದು.”

“ಹಾಂ, ಮತ್ತೆ ಖಾಲಿ ಮಾಡೋ ಮಾತೇ ಇಲ್ಲ!” ಎಂದು ಡಾಕ್ಟರು ನಕ್ಕು ಬಾತು ಬಡಿಸಿಕೊಂಡರು.

ಅವರ ಮಾತು ನಿಜವಿರಬೇಕೆಂದು ನನಗೆ ಅನಿಸಿದ್ದು ನನ್ನ ಅತ್ತೆಯನ್ನು ನೋಡಿ. ರಮೇಶನ ತಾಯಿ ನಿಂಗಮ್ಮ, ಮಂಡ್ಯದ ಕಡೆಯವರು. ಶಾಲೆಯ ಬಾಗಿಲು ಕಂಡವರಲ್ಲ, ಪಾಸ್‌ಪೋರ್ಟಿಗೂ ಹೆಬ್ಬೆಟ್ಟು ಒತ್ತಿ ಬಂದವರು. ನಮ್ಮ ಕಟ್ಟಡದಲ್ಲಿ ಹದಿನಾರು ಮನೆ. ಮೂರು ವರ್ಷದಿಂದ ಅಲ್ಲಿದ್ದ ನನಗೆ ನೆರೆಯವರೆಲ್ಲ ಅಂಚೆಪೆಟ್ಟಿಗೆಯ ಮೇಲಿನ ಹೆಸರುಗಳಾಗಿ ಗೊತ್ತಿದ್ದರು, ಮೆಟ್ಟಿಲಲ್ಲಿ ಎದುರಾದರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಅತ್ತೆಗೆ ಒಂದು ಹೆಸರೂ ಗೊತ್ತಿಲ್ಲ. ಆದರೆ ಬಂದ ಎರಡು ವಾರದಲ್ಲಿ, ಮೇಲಿನ ಮನೆಯ ಮುದುಕ ಮೀಸೆ ಬೋಳಿಸಿದ್ದು, ಮೂಲೆಮನೆಯ ಹುಡುಗಿ ಬಸುರಿಯಾಗಿದ್ದು, ಅಂಚೆಯವನ ಬದಲಿಗೆ ಅವನ ತಮ್ಮನೋ ದಾಯಾದಿಯೋ ಬರುತ್ತಿರುವುದು ಎಲ್ಲ ಅವರಿಗೆ ಗೊತ್ತು. “ಅಂಚೆಯವನ ತಮ್ಮ ಅಂತ ನಿಮಗೆ ಹೇಗೆ ಗೊತ್ತು ಅತ್ತೆ?” ಎಂದರೆ, “ಮೂಗ್ ನೋಡ್ನಿಲ್ವಾ ನೀನು?” ಎಂದು ನನ್ನನ್ನೇ ಕೇಳುವರು. ವಿಚಾರಿಸಿದೆ, ಚಿಕ್ಕಪ್ಪನ ಮಗನಂತೆ.

ಅತ್ತೆಯ ಬಾಯಲ್ಲಿ ಓದಿನ ಬಗ್ಗೆ ಒಂದೇ ಕತೆ ಕೇಳಿದ್ದೆ. ಅವರು ಹುಡುಗಿಯಾಗಿದ್ದಾಗ ಊರಿಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವರು ಶಾಲೆಯ ಮೇಷ್ಟ್ರು ಒಬ್ಬರೇ. ಯಾರ ಮನೆಯ ಹೆಣ್ಣು ಗಂಡನ ಮನೆಯಲ್ಲಿ ಸುಖವಾಗಿಲ್ಲ, ಯಾರ ಮಗ ಪಟ್ಟಣದಲ್ಲಿ ಯಾರ ಜೊತೆಗಿದ್ದಾನೆ, ಎಲ್ಲ ಮೊದಲು ಗೊತ್ತಾಗುವುದು ಅವರಿಗೆ. ಹಾಗಾಗಿ ಗೌಡರೂ ಅವರೆದುರು ದನಿಯೆತ್ತುತ್ತಿರಲಿಲ್ಲವಂತೆ. ಸಾವಿನ ಕಾಗದ ಬಂದರೆ ಮಾತ್ರ ಮೇಷ್ಟ್ರು ತೆರೆದು ಒಂದು ಸಲ ಕಣ್ಣಾಡಿಸಿ ಮತ್ತೆ ಮಡಚುವರು. “ಊಟ ಆಯ್ತೇನ್ರಪ್ಪ?” ಎಂದು ಕೇಳುವರು. ಆಗಿಲ್ಲವೆಂದರೆ, “ಉಂಡ್ ಬನ್ನಿ, ಕನ್ನಡಕ ಮನೇಲಿ ಬುಟ್ಟು ಬಂದಿವ್ನಿ,” ಎನ್ನುವರು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತಂತೆ. ಅವರೆಕಾಳು ಹಿಸುಕುತ್ತ ಇದನ್ನು ಹೇಳಿದ ಅತ್ತೆ, “ಅಂಗೆ ಓದ್ಬೇಕು ಕನವ್ವ,” ಎಂದಿದ್ದರು. ನಾನು ಹೂಂಗುಟ್ಟಿ ಮೈಕ್ರೋವೇವಿನ ಮೇಲಿನ ಬರಹ ಓದುತ್ತಿದ್ದೆ.

ಇನ್ನು ನನ್ನ ಮಗಳು ಮೇಘಳ ವಿಷಯ. ಆ ವರ್ಷ ಜುಲೈಯಲ್ಲಿ ಅತ್ತೆ ಆರು ತಿಂಗಳ ಮಟ್ಟಿಗೆ ಬಂದಾಗ ಅವಳಿಗೆ ಐದು ತುಂಬಿತ್ತು. ನಾನು ಟ್ರೈನು ಹಿಡಿದು ಸ್ಯಾನ್ ಫ್ರಾನ್ಸಿಸ್ಕೋದ ಆಫೀಸಿಗೆ, ರಮೇಶ ಅವನ ಆಫೀಸಿಗೆ. ಡೇಕೇರು ಬಿಡಿಸಿ ಅವಳನ್ನು ಅಜ್ಜಿಯ ಮಡಿಲಿಗೆ ಹಾಕಿದೆವು. ಶನಿವಾರ ಲೈಬ್ರರಿಯಿಂದ ಒಂದು ಚೀಲ ಚಿತ್ರದ ಪುಸ್ತಕ ತಂದಿಡುವುದು ನನ್ನ ಪಾಲಿನ ತಾಯ್ತನ. ವಾರವಿಡೀ ಅಜ್ಜಿ ಮೊಮ್ಮಗಳು ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ ಕೂತು ಅವನ್ನು ಓದುತ್ತಿದ್ದರು. ಓದುತ್ತಿದ್ದರು ಎಂದೇ ಇಬ್ಬರೂ ತಿಳಿದಿದ್ದರು.

ಅವರಿಬ್ಬರಿಗೆ ಬಹಳ ಪ್ರೀತಿಯಾಗಿದ್ದುದು ಒಂದು ಕರಡಿಯ ಪುಸ್ತಕ. ಕರಡಿಯೊಂದು ಹಿಮದಲ್ಲಿ ತನ್ನ ಒಂದು ಕೈಯ ಕೆಂಪು ಗವಸು ಕಳೆದುಕೊಂಡು, ಮೊಲ, ನರಿ, ಗೂಬೆಗಳನ್ನು ಕೇಳುತ್ತ ಹೋಗಿ, ಕೊನೆಗೆ ತನ್ನ ಹಾಸಿಗೆಯಲ್ಲೇ ಅದನ್ನು ಕಂಡುಕೊಳ್ಳುತ್ತದೆ. ಪುಟಕ್ಕೆ ಒಂದೆರಡು ಸಾಲು ಇಂಗ್ಲಿಷು. ಅತ್ತೆ ಜೀವಮಾನದಲ್ಲಿ ಹಿಮ ಕಂಡವರಲ್ಲ, ಉಣ್ಣೆಯ ಕೈಗವಸೂ ಕಂಡವರಲ್ಲ. ಒಂದು ಶನಿವಾರ ನಾನು ಅಡುಗೆಮನೆಯಲ್ಲಿದ್ದಾಗ ಹಾಲಿನಿಂದ ಹೀಗೆ ಕೇಳಿಸಿತು:

“ಇವ್ನ್ ಯಾರು ಗೊತ್ತಾ ಮಗ? ಬೋರಣ್ಣ. ಹಬ್ಬ ಬಂತಲ್ಲ, ಮನೆಗೆ ಸುಣ್ಣ ಹೊಡೀಬೇಕು ಅಂತ ಹೊಂಟವ್ನೆ. ತಿಕ್ಲು ಮುಂಡೇದು, ಮಡಕೆ ಎತ್ತಾಕ್ಬುಟ್ಟು ಊರೆಲ್ಲ ಸುಣ್ಣ ಮಾಡವ್ನೆ ನೋಡು! ಮರದ್ ಮ್ಯಾಲೂ ಸುಣ್ಣ, ಬೇಲಿ ಮ್ಯಾಲೂ ಸುಣ್ಣ.”

“ಅಜ್ಜಿ, ಇದು ರೆಡ್ ಏನು?”

“ಸುಣ್ಣ ಬಿದ್ದು ಕೈ ಸುಟ್ಕಂಡವ್ನೆ ಕಣ್ಮಗ. ಅದ್ಕೆ ಬಟ್ಟೆ ಸುತ್ಕಂಡವ್ನೆ.”

“ಇನ್ನೊಂದು ಕೈಗೆ?”

“ಇನ್ನೊಂದ್ ಕೈಯಾಗೆ ಉಣ್ಬೇಕಲ್ಲ, ಅದ್ಕೆ ಸುತ್ತಿಲ್ಲ.”

ಹೀಗೆ ಬೋರಣ್ಣ ಸುಟ್ಟ ಕೈಗೆ ಬೆಣ್ಣೆ ಸವರಿ ಎಂದು ಮನೆಮನೆಗೆ ಹೋಗುವನು. ನರಿಯಮ್ಮ ಇನ್ನೂ ಮಜ್ಜಿಗೆ ಕಡೆದಿಲ್ಲ ಎನ್ನುವಳು. ಗೂಬೆಜ್ಜಿ ಮಾತ್ರ, ಹಾಡುಹಗಲು ನಿದ್ದೆಗೆಡಿಸಿದೆಯಲ್ಲೋ ಎಂದು ಬೈದು, ಬೆಣ್ಣೆ ಕೊಡುವಳು. ಕೊನೆಯ ಪುಟದಲ್ಲಿ ಹಾಸಿಗೆ ಸೇರಿದ ಬೋರಣ್ಣ ಹಬ್ಬದ ಒಬ್ಬಟ್ಟು ಹೆಚ್ಚಾಗಿ ಬಿದ್ದುಕೊಂಡಿರುವನು. ನಾನು ಕೈಯಲ್ಲಿ ಸೌಟು ಹಿಡಿದುಕೊಂಡು ಬಾಯಿ ಮುಚ್ಚಿ ನಕ್ಕೆ. “ಅತ್ತೆ, ಅದು ಸುಣ್ಣ ಅಲ್ಲ,” ಎನ್ನಲು ಹೋಗಿ ಸುಮ್ಮನಾದೆ. ಆ ಪುಸ್ತಕವನ್ನು ನಾಲ್ಕು ಸಲ ರಿನ್ಯೂ ಮಾಡಿಸಿದೆ.

ಆಗಸ್ಟಿನಲ್ಲಿ ಮೇಘ ಕಿಂಡರ್‌ಗಾರ್ಟನ್ ಸೇರಿದಳು. ಸೆಪ್ಟೆಂಬರ್ ಕೊನೆಗೆ ಟೀಚರು ನನ್ನನ್ನು ಕರೆಸಿದರು. ಬಹಳ ಒಳ್ಳೆಯ ಹೆಂಗಸು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ನಿಧಾನವಾಗಿ ಹೇಳಿದರು. ಕ್ಲಾಸಿನಲ್ಲಿ ಇದೇ ಕರಡಿಯ ಪುಸ್ತಕ ಕೊಟ್ಟು, ನಿನಗೆ ಗೊತ್ತಿರುವ ಪದ ತೋರಿಸು ಎಂದರಂತೆ. ಮೇಘ ಪುಸ್ತಕ ಎದೆಗೊತ್ತಿಕೊಂಡು ಎದ್ದು ನಿಂತು, ಬೋರಣ್ಣ ಎಂಬ ಕರಡಿ ಊರಿಗೆಲ್ಲ ಬಿಳಿ ಬಣ್ಣ ಹಚ್ಚಿ ಕೈ ಸುಟ್ಟುಕೊಂಡ ಕತೆಯನ್ನು ಇಂಗ್ಲಿಷಿನಲ್ಲಿ ಪುಟ ತಿರುವಿ ತಿರುವಿ ಹೇಳಿದಳಂತೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರಂತೆ. “ತುಂಬಾ ಚೆನ್ನಾಗಿತ್ತು. ಆದರೆ ಅವಳು ಅಕ್ಷರದ ಕಡೆ ನೋಡುವುದೇ ಇಲ್ಲ. ಓದುವುದೆಂದರೆ ಚಿತ್ರ ನೋಡಿ ಮಾತಾಡುವುದು ಎಂದು ತಿಳಿದಿದ್ದಾಳೆ. ಮನೆಯಲ್ಲಿ ಸ್ವಲ್ಪ ಗಮನಿಸಿ,” ಎಂದರು.

ಅವರು ಹೇಳಿದ್ದು ಇಷ್ಟೇ. ನನ್ನ ಕಿವಿಗೆ ಬಿದ್ದದ್ದು ಬೇರೆ. ಮೂರೂವರೆ ವರ್ಷಕ್ಕೆ ಪೇಪರು ಓದುವ ಮಕ್ಕಳನ್ನು ಪಾಟ್‌ಲಕ್ಕಿನಲ್ಲಿ ಎತ್ತಿ ಮೆರೆಸುವ ಊರು ಅದು. ಅಲ್ಲಿ ನನ್ನ ಮಗಳು, ಲಾರಿಯ ಹಿಂಬದಿಯನ್ನೂ ಬಿಡದೆ ಓದುವವಳ ಮಗಳು, ಓದು ಬಾರದವಳಾದಳೇ! ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಸ್ವಲ್ಪ ಕಣ್ಣೀರೂ ಹಾಕಿದೆ. ಮನೆಗೆ ಬಂದವಳು ಬೂಟು ಬಿಚ್ಚುವ ಮೊದಲೇ ಹೇಳಿದೆ.

“ಅತ್ತೆ, ಇನ್ಮೇಲೆ ಪುಸ್ತಕ ಹಿಡ್ಕೊಂಡು ಕತೆ ಹೇಳೋದು ಬೇಡ. ಟೀಚರ್ ಕರೆಸಿ ಹೇಳಿದ್ರು. ಅವಳು ನಿಜವಾದ ಓದು ಕಲೀಬೇಕು.”

ಅತ್ತೆ ರೊಟ್ಟಿ ತಟ್ಟುತ್ತಿದ್ದರು. ಕೈ ನಿಂತಿತು. “ನಾನ್ ಯೋಳಿದ್ದು ತಪ್ಪಾಯ್ತೇನವ್ವ?”

“ತಪ್ಪು ಅಂತಲ್ಲ. ಪುಸ್ತಕದಲ್ಲಿ ಹಾಗಿಲ್ಲ, ಅಷ್ಟೆ.”

“ಬ್ಯಾರೆ ಏನೋ ಬರ್ದದಾ ಅದ್ರಾಗೆ?”

“ಹೂಂ ಅತ್ತೆ. ಕೆಳಗಡೆ ಬರ್ದಿದೆಯಲ್ಲ, ಅದೇ ಕತೆ.”

ಅವರು ತಟ್ಟಿದ ರೊಟ್ಟಿಯನ್ನು ಹೆಂಚಿಗೆ ಹಾಕಿದರು. “ಅದು ಪುಸ್ತಕ ಮಾಡ್ದೋರ್ ಹೆಸ್ರು ಅಂದ್ಕಂಡಿದ್ದೆ. ಅಂಗಂತ ಯಾರೂ ಯೋಳ್ನಿಲ್ವಲ್ಲವ್ವ ನಂಗೆ,” ಎಂದರು. ಆಮೇಲೆ, “ಆಯ್ತು ಬುಡು,” ಎಂದು ರೊಟ್ಟಿ ಮಗುಚಿದರು. ‘ನಿಜವಾದ’ ಎನ್ನುವ ಮಾತನ್ನು ನಾನು ಯಾಕೆ ಆಡಿದೆ ಎಂದು ಈಗಲೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಆಮೇಲೆ ನಾನೇ ಕೂತೆ. ಕಾರ್ಡುಗಳ ಮೇಲೆ ದಪ್ಪ ಅಕ್ಷರ ಬರೆದು ಫ್ರಿಜ್ಜಿಗೆ, ಬಾಗಿಲಿಗೆ, ಕುರ್ಚಿಗೆ ಅಂಟಿಸಿದೆ. ಮಕ್ಕಳಿಗೆ ಎಷ್ಟು ಬೇಗ ಬರುತ್ತದೆ! ಆರು ವಾರ ಕಳೆಯುವುದರೊಳಗೆ ಅವಳ ಕಣ್ಣಿಗೆ ಬೀಗ ತೆರೆದಂತಾಯಿತು. ಕಾರಿನ ಹಿಂದಿನ ಸೀಟಿನಿಂದ “ಎಕ್ಸಿಟ್! ಸ್ಟಾಪ್! ಸೇಲ್!” ಎಂದು ಕೂಗುವಳು. ಗ್ರೋಸರಿ ಅಂಗಡಿಯಲ್ಲಿ ಡಬ್ಬಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಏಳುತ್ತಿರಲಿಲ್ಲ. ರಮೇಶ ನನ್ನ ಕಡೆ ನೋಡಿ ಹಣೆ ಚಚ್ಚಿಕೊಂಡ. ನನಗೆ ಹೆಮ್ಮೆಯೋ ಹೆಮ್ಮೆ. ಅತ್ತೆಗೂ ಹೆಮ್ಮೆಯೇ. ಕೆಳಗಿನ ಹುಲ್ಲುಹಾಸಿನಲ್ಲಿ ಸಿಕ್ಕವರಿಗೆಲ್ಲ ಮೊಮ್ಮಗಳನ್ನು ತೋರಿಸಿ, ಅಂಗೈಯನ್ನು ಪುಸ್ತಕದಂತೆ ಬಿಚ್ಚಿ ಹಿಡಿದು ತಲೆಯಾಡಿಸುತ್ತಿದ್ದರು.

ನವೆಂಬರಿನ ಒಂದು ಶನಿವಾರ ಅತ್ತೆ ಮೇಘಳ ತಲೆ ಬಾಚುತ್ತಿದ್ದರು. ಅವಳ ತೊಡೆಯ ಮೇಲೆ ಆ ಕರಡಿ ಪುಸ್ತಕ. ಬೆರಳಿಟ್ಟು ಒಂದೊಂದೇ ಪದ ಓದಿ ಮುಗಿಸಿದಳು. ಆಮೇಲೆ ತಲೆಯೆತ್ತಿ, “ಅಜ್ಜಿ, ಇವನ ಹೆಸರು ಬೋರಣ್ಣ ಅಲ್ಲ. ಹೆಸರೇ ಇಲ್ಲ. ಜಸ್ಟ್ ಬೇರ್,” ಎಂದಳು.

“ಅಂಗಾ ಮಗ?”

“ಇದು ಸುಣ್ಣ ಅಲ್ಲ. ಸ್ನೋ. ಐಸ್ ಥರ, ಫ್ರೀಜರಲ್ಲಿ ಇರತ್ತಲ್ಲ. ಇದು ಬಟ್ಟೆ ಅಲ್ಲ, ಮಿಟನ್. ಕೈ ಸುಟ್ಟೇ ಇಲ್ಲ.”

ಬಾಚಣಿಗೆ ಜಡೆಯ ಅರ್ಧದಲ್ಲಿ ನಿಂತಿತ್ತು. “ಅಂಗಾರೆ ನಾನು ಇಷ್ಟ್ ದಿನ ಸುಳ್ಳು ಯೋಳ್ತಿದ್ನಾ?”

ಮಕ್ಕಳಿಗೆ ಸುಳ್ಳು ಹೇಳಬಾರದೆಂದು ನಾವೇ ಕಲಿಸಿರುತ್ತೇವಲ್ಲ. ಮೇಘ ಯೋಚಿಸಿ, “ಯಾ, ಅಜ್ಜಿ. ಬಟ್ ಇಟ್ಸ್ ಓಕೆ,” ಎಂದಳು.

ನಾನು ಅಲ್ಲೇ ಇದ್ದೆ. ನಕ್ಕುಬಿಟ್ಟೆ. ನಕ್ಕಮೇಲೆ ತಪ್ಪು ಗೊತ್ತಾಗಿ, “ಅಜ್ಜಿಗೆ ಸಾರಿ ಹೇಳು,” ಎಂದು ಮಗಳನ್ನು ಗದರಿಸಿದೆ. ಅವಳು ಸಾರಿ ಎಂದಳು. ಅತ್ತೆ ಜಡೆ ಹೆಣೆದು ಮುಗಿಸಿ ಒಳಗೆ ಹೋದರು. ಅತ್ತೆಯ ಊರಿನ ಆ ಕನ್ನಡಕದ ಮೇಷ್ಟ್ರು ನನಗೆ ಆಗ ನೆನಪಾಗಿದ್ದರೆ ಚೆನ್ನಾಗಿತ್ತು, ಆಗಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಕತೆ ನಿಂತುಹೋಯಿತು. ಪುಸ್ತಕದ ಕತೆಯಲ್ಲ, ಅದು ಮೊದಲೇ ನಿಂತಿತ್ತು. ಊಟದ ಕತೆ, ಸ್ನಾನದ ಕತೆ, ಮಲಗುವಾಗಿನ ಕತೆ. ಮೇಘ ಕೇಳಿದರೆ, “ನಂಗೇನ್ ಗೊತ್ತದೆ ಮಗ, ನೀನೇ ಓದ್ಕ,” ಎನ್ನುವರು. ಕೊಂಕಿನ ಮಾತಲ್ಲ ಅದು, ನಿಜವಾಗಿ ಹಾಗೇ ತಿಳಿದಿದ್ದರು. ಮೂಗಿನ ಹತ್ತಿರ ಹಿಡಿದೇ ಹಾಲು ಕೆಟ್ಟಿದೆಯೋ ಇಲ್ಲವೋ ಹೇಳುತ್ತಿದ್ದವರು ಈಗ ಡಬ್ಬವನ್ನು ಮೊಮ್ಮಗಳ ಮುಂದೆ ಹಿಡಿದು, “ಇದು ಉಣ್ಬೌದಾ ನೋಡಿ ಯೋಳು,” ಎನ್ನುವರು. ಐದು ವರ್ಷದ ಹುಡುಗಿ ತಾರೀಖು ನೋಡಿ ಅಪ್ಪಣೆ ಕೊಡುವಳು. ಅಕ್ಷರ ಬಂದ ಮನೆಯಲ್ಲಿ ಹಿರಿಯರು ಯಾರು, ಕಿರಿಯರು ಯಾರು ಎನ್ನುವುದು ಹೀಗೆ ಅದಲುಬದಲಾಗುತ್ತದೆ. ಊರಿಗೆ ಊರೇ ಓದು ಕಲಿತಾಗ ಎಷ್ಟು ಮನೆಗಳಲ್ಲಿ ಎಷ್ಟು ಮುದುಕಿಯರು ಹೀಗೆ ಮಾತು ನಿಲ್ಲಿಸಿರಬಹುದೋ. ಓದು ಬೇ‍ಡವೆಂದು ನಾನು ಹೇಳುತ್ತಿಲ್ಲ. ಹೆಬ್ಬೆಟ್ಟು ಒತ್ತುವಾಗ ಅತ್ತೆ ತಲೆ ತಗ್ಗಿಸುತ್ತಿದ್ದುದನ್ನು ನೋಡಿದವಳು ಅಂಥ ಮಾತು ಆಡಲಾರೆ.

“ಅವ್ವ ಯಾಕೋ ಸಪ್ಪಗಿದಾರಲ್ಲ?” ಎಂದು ರಮೇಶ ಕೇಳಿದ.

“ಊರು ನೆನಪಾಗಿರ್ಬೇಕು. ಜನವರಿ ಟಿಕೆಟ್ ಇದೆಯಲ್ಲ,” ಎಂದೆ. ಟಿಕೆಟ್ಟಿಗೆ ಐದು ವಾರವಿತ್ತು. ಅಷ್ಟರಲ್ಲಿ ಇಬ್ಬರೂ ಮೊದಲಿನಂತಾಗದಿದ್ದರೆ ಅತ್ತೆ ಹೀಗೇ ಮೂಗಿಯಾಗಿ ವಿಮಾನ ಹತ್ತುವರು, ಮಗಳಿಗೆ ಅಜ್ಜಿಯೆಂದರೆ ತಲೆ ಬಾಚಿದವರು ಎಂಬಷ್ಟೇ ನೆನಪು ಉಳಿಯುವುದು. ಅದು ಗೊತ್ತಿದ್ದೂ ಹೇಗೆ ಸರಿಮಾಡುವುದೆಂದು ನನಗೆ ತಿಳಿಯಲಿಲ್ಲ. ಒಂದೆರಡು ಸಲ, “ಏನಾದ್ರೂ ಕತೆ ಹೇಳಿ ಅತ್ತೆ,” ಎಂದೆ. “ಟೀಚರಮ್ಮ ಬೈಯ್ತಾರೆ ಬುಡವ್ವ,” ಎಂದರು.

ನಮ್ಮ ಕಂಪನಿಯ ಬೋರ್ಡಿನ ವಿಷಯಕ್ಕೆ ಬರುತ್ತೇನೆ ಎಂದಿದ್ದೆನಲ್ಲ. ಅದೂ ಇಳಿಯಿತು. ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ ನಮ್ಮನ್ನೆಲ್ಲ ಆಫೀಸಿನಲ್ಲಿ ಮೋಜಿಗೆಂದು ಇಟ್ಟಿದ್ದ ಆಟದ ಮೇಜಿನ ಸುತ್ತ ನಿಲ್ಲಿಸಿ, ಕಂಪನಿ ಇವತ್ತಿಗೆ ಮುಗಿಯಿತು ಎಂದರು. ಕೈಗೊಂದು ಕಾಗದ ಕೊಟ್ಟರು. ನಾನು ಅದನ್ನು ನಾಲ್ಕು ಸಲ ಓದಿದೆ, ಹಿಂಬದಿ ತಿರುಗಿಸಿಯೂ ನೋಡಿದೆ. ಬೇಕಾದ್ದು ತೆಗೆದುಕೊಂಡು ಹೋಗಿ ಎಂದರು. ಒಬ್ಬ ಚಕ್ರದ ಕುರ್ಚಿಯನ್ನು ತಳ್ಳಿಕೊಂಡು ಬಸ್ ಸ್ಟಾಪಿಗೆ ನಡೆದ. ಇನ್ನೊಬ್ಬಳು ಕುಂಡದ ಗಿಡ ಅಪ್ಪಿಕೊಂಡು ಹೋದಳು. ನಾನು ಕಾಗದ ಓದಿ ಮುಗಿಸುವ ಹೊತ್ತಿಗೆ ಕಪಾಟಿನಲ್ಲಿ ಉಳಿದಿದ್ದುದು ಹಳದಿ ಅಂಟುಚೀಟಿಯ ಕಟ್ಟುಗಳು. ಅವನ್ನೇ ಡಬ್ಬಕ್ಕೆ ತುಂಬಿಕೊಂಡು ಟ್ರೈನು ಹತ್ತಿದೆ.

ಒಂದು ಗಂಟೆಗೆ ಬಾಗಿಲು ತೆಗೆದ ಅತ್ತೆ ನನ್ನ ಮುಖ ನೋಡಿದರು, ಡಬ್ಬ ನೋಡಿದರು. ಏನೂ ಕೇಳಲಿಲ್ಲ. “ಕೈಕಾಲ್ ತೊಳ್ಕಂಡ್ ಬಾ, ಮುದ್ದೆ ಬಿಸಿಯಾಗದೆ,” ಎಂದರು. ಬಸ್ಸಾರು ಬಡಿಸಿದರು. ನಾನು ಎರಡನೆಯ ಸಲ ಬಡಿಸಿಕೊಂಡು, ಮಜ್ಜಿಗೆ ಕುಡಿದು, ಕೈ ತೊಳೆದ ಮೇಲೆ ಎದುರಿಗೆ ಕೂತು, “ಕೆಲ್ಸ ಹೋಯ್ತೇನವ್ವ?” ಎಂದರು. ನಾನು ಹೂಂ ಎಂದು ಅಳತೊಡಗಿದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತರು.

ಅರ್ಧ ದಿನದ ಸ್ಕೂಲು ಮುಗಿಸಿ ಬಂದ ಮೇಘ ಹಾಲಿನಲ್ಲಿದ್ದಳು. ನನ್ನ ಡಬ್ಬಕ್ಕೆ ಅವಳು ಕೈಹಾಕಿದ್ದು ಗೊತ್ತಿತ್ತು, ತಡೆಯುವ ಮನಸ್ಸಿರಲಿಲ್ಲ. ಬಹಳ ಹೊತ್ತಿನಿಂದ ಅಲ್ಲಿ ಸದ್ದೇ ಇಲ್ಲವೆಂದು ಅನುಮಾನ ಬಂದು ನಾವಿಬ್ಬರೂ ಎದ್ದು ಹೋಗಿ ನೋಡಿದೆವು. ಕಾರ್ಪೆಟ್ಟಿನ ಮೇಲೆ ಕರಡಿ ಪುಸ್ತಕ ಹರಡಿಕೊಂಡಿತ್ತು. ಅದರ ಪ್ರತಿ ಪುಟದಲ್ಲಿ ಸಾಲಿದ್ದ ಕಡೆಯೆಲ್ಲ ಒಂದರ ಪಕ್ಕ ಒಂದು ಹಳದಿ ಚೀಟಿ. ಒಂದು ಅಕ್ಷರದ ಬಾಲವೂ ಕಾಣದಂತೆ ಒತ್ತಿ ಒತ್ತಿ ಅಂಟಿಸಿದ್ದಳು. ಕೊನೆಯ ಪುಟದ ಚೀಟಿಯನ್ನು ಬೆರಳಿನಿಂದ ಉಜ್ಜುತ್ತಿದ್ದಳು.

“ಲೈಬ್ರರಿ ಪುಸ್ತಕ ಕಣೇ ಅದು!” ಎಂಬ ಮಾತು ಮೊದಲು ನನ್ನ ಬಾಯಿಗೆ ಬಂತು. “ಯಾಕೆ ಮುಚ್ಚಿದೆ?”

“ದೇ ಕೀಪ್ ಟಾಕಿಂಗ್, ಅಮ್ಮ,” ಎಂದಳು. “ನೋಡ್ಬಾರ್ದು ಅಂತ ಟ್ರೈ ಮಾಡಿದೆ. ಐ ಕಾಂಟ್ ಸ್ಟಾಪ್. ಅದು ಬೇರ್ ಬೇರ್ ಅಂತಾನೇ ಇರತ್ತೆ. ಬೋರಣ್ಣ ಬರಲ್ಲ.”

“ಏನಂತದವ್ವ ಮಗ?” ಎಂದರು ಅತ್ತೆ.

“ಅಕ್ಷರ ಗಲಾಟೆ ಮಾಡ್ತವಂತೆ ಅತ್ತೆ. ನಿಮ್ಮ ಕತೆ ಕೇಳಿಸಲ್ವಂತೆ. ಅದಕ್ಕೆ ಮುಚ್ಚಿದಾಳೆ.”

ಮೇಘ ಪುಸ್ತಕ ಎತ್ತಿ ಅಜ್ಜಿಯ ಕೈಗೆ ಕೊಟ್ಟಳು. ಅತ್ತೆ ಅದನ್ನು ಹಿಡಿದುಕೊಂಡು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾಲ್ಕು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು, ನನ್ನ ಗಂಡನ ತಾಯಿ, ಕತೆ ಹೇಳಲೇ ಎಂದು ಕಣ್ಣಲ್ಲೇ ನನ್ನ ಅಪ್ಪಣೆ ಕೇಳುತ್ತಿದ್ದರು. ಕೆಲಸ ಹೋಯಿತೆಂದು ಬೆಳಿಗ್ಗೆ ಕೇಳಿದಾಗಲೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

“ಹೇಳಿ ಅತ್ತೆ,” ಎಂದೆ. “ಅವತ್ತು ನಾನು ಹಾಗನ್ನಬಾರದಿತ್ತು.”

“ನೀನೂ ಕೂತ್ಕ,” ಎಂದರು. ಸೆರಗಿಗೆ ಕೈ ಒರೆಸಿಕೊಂಡು ಕಾಲು ಚಾಚಿ ಕೂತರು. ಮೇಘ ಅವರ ಪಕ್ಕೆಗೆ ಒತ್ತಿಕೊಂಡಳು. ಅತ್ತೆ ಮೊದಲ ಪುಟ ತೆರೆದರು. ಬಿಳಿಯ ಬಯಲಿನ ಮೇಲೆ ಬೆರಳಿಟ್ಟು, ತಪ್ಪಾಗಬಾರದೆಂಬ ಭಯದಲ್ಲಿ ಮೆಲ್ಲಗೆ ಕೇಳಿದರು.

“ಇದು ಸುಣ್ಣ ಅಲ್ಲ ಅಂದಿದ್ಯಲ್ಲ ಮಗ. ಏನೋ ಅಂದೆ, ಐಸು ಅಂತ...”

ಮೇಘ ಆ ಬಿಳಿಯನ್ನು ನೋಡಿದಳು, ಅಜ್ಜಿಯ ಮುಖ ನೋಡಿದಳು.

“ಸುಣ್ಣ ಅಜ್ಜಿ,” ಎಂದಳು. “ಸುಣ್ಣಾನೇ.”